ಎಡಕ್ಕೆ ಸುತ್ತಿದ ಎಳೆ

ಮೊನ್ನೆ ಒಲೆಯ ಮೇಲಿಟ್ಟಿದ್ದ ಗಂಜಿ ಉಕ್ಕಿತು. ಉಪ್ಪು ಹಾಕಿದ ತಿಳಿ ಬರ್ನರಿನ ಮೇಲೆ ಚೆಲ್ಲಿ, ಅಲ್ಲಿಯವರೆಗೆ ನೀಲಿಯಾಗಿ ಉರಿಯುತ್ತಿದ್ದ ಉರಿ ಒಮ್ಮೆಲೇ ಭಗ್ಗೆಂದು ಹಳದಿಯಾಯಿತು. ಇಪ್ಪತ್ತು ವರ್ಷಕ್ಕೂ ಮೇಲೆ ರಸಾಯನಶಾಸ್ತ್ರ ಪಾಠ ಮಾಡಿದವಳಿಗೆ ಅದರಲ್ಲಿ ಆಶ್ಚರ್ಯವೇನಿಲ್ಲ. ಉಪ್ಪಿನಲ್ಲಿರುವ ಸೋಡಿಯಂ ಉರಿಗೆ ಬಿದ್ದರೆ ಹಳದಿ ಬರಲೇಬೇಕು. ಆದರೂ ಗ್ಯಾಸ್ ಆರಿಸುವುದನ್ನು ಮರೆತು ನಿಂತುಬಿಟ್ಟೆ. ಗಾಜಿನ ನಳಿಗೆಯನ್ನು ನೀಲಿ ಉರಿಗೆ ಹಿಡಿದಾಗ ಇದೇ ಹಳದಿ ಏಳುತ್ತದೆ. ಮುತ್ತಿನಕೊಪ್ಪದ ರಸ್ತೆಯಲ್ಲಿದ್ದ ಒಂದು ಹಳೆಯ ಹಿಟ್ಟಿನ ಗಿರಣಿಯೊಳಗೆ ಅದನ್ನು ನೋಡುತ್ತ ನಾನು ಒಂದು ಚಳಿಗಾಲದ ಭಾನುವಾರಗಳನ್ನು ಕಳೆದಿದ್ದೆ. ಆ ಉರಿ ಆರಿದ್ದು ನನ್ನಿಂದ. ಇದನ್ನು ಇಷ್ಟು ನೇರವಾಗಿ ನಾನು ಇದುವರೆಗೆ ಯಾರಿಗೂ ಹೇಳಿಲ್ಲ.

ಕೊಪ್ಪದ ಕಾಲೇಜೊಂದಕ್ಕೆ ಉಪನ್ಯಾಸಕಿಯಾಗಿ ಹೋದಾಗ ನನಗೆ ಇಪ್ಪತ್ತೆಂಟು. ಮೈಸೂರು ಬಿಟ್ಟು ಬೇರೆಲ್ಲೂ ಇದ್ದವಳಲ್ಲ. ಎರಡು ಸಾವಿರದ ಮೂರನೇ ಇಸವಿಯ ಮಳೆಗಾಲವನ್ನು ಬಾಡಿಗೆ ಕೋಣೆಯಲ್ಲಿ ಹೇಗೋ ಕಳೆದೆ. ಮಳೆ ಹಿಂದೆ ಸರಿದ ಮೇಲೆ ಭಾನುವಾರಗಳಂದು ಸುಮ್ಮನೆ ಬಸ್ಸು ಹತ್ತಿ ಸುತ್ತುವ ಅಭ್ಯಾಸವಾಯಿತು. ಹಾಗೆ ಒಂದು ದಿನ ಶೃಂಗೇರಿಗೆ ಹೋದವಳು ದೇವಸ್ಥಾನದ ಬೀದಿಯ ಬಳೆ ಅಂಗಡಿಯೊಂದರ ಮುಂದೆ ನಿಂತೆ. ಕುಂಕುಮದ ಭರಣಿ, ಪ್ಲಾಸ್ಟಿಕ್ ಬೊಂಬೆಗಳ ನಡುವೆ ಒಂದು ಗಾಜಿನ ಹಕ್ಕಿಯಿತ್ತು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ಒಳಗೆ ಟೊಳ್ಳು. ಕತ್ತು ಒಂದಿಷ್ಟು ಓರೆಯಾಗಿ, ಯಾರೋ ಕರೆದಂತಾಗಿ ತಿರುಗಿ ನೋಡುವ ಹಾಗಿತ್ತು. ಕೈಗೆತ್ತಿಕೊಂಡರೆ ತೂಕವೇ ಇಲ್ಲ.

"ಇದನ್ನ ಮಾಡೋರು ಯಾರು?" ಎಂದು ಕೇಳಿದೆ.

ಅಂಗಡಿಯವನು ನನ್ನ ಮುಖ ನೋಡದೆ, "ಹೊರಗಿನ ಮಾಲು ಮೇಡಂ. ಉತ್ತರದ ಕಡೆಯಿಂದ ಬರತ್ತೆ" ಎಂದ.

ಹಕ್ಕಿಯನ್ನು ಕೊಂಡು ತಂದು ನನ್ನ ಮೇಜಿನ ಮೇಲಿಟ್ಟೆ. ವಿಷಯ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಮುಂದಿನ ತಿಂಗಳು ನಮ್ಮ ಪ್ರಯೋಗಾಲಯದಲ್ಲಿ ಆವಿ ತಣಿಸುವ ಗಾಜಿನ ಕಂಡೆನ್ಸರೊಂದು ಒಡೆಯಿತು. ಹೊಸದು ತರಿಸಲು ಅರ್ಜಿ ಹಾಕಿದರೆ ವರ್ಷ ಹಿಡಿಯುತ್ತದೆ ಎಂದು ಪ್ರಿನ್ಸಿಪಾಲರು ಕೈಚೆಲ್ಲಿದರು. ಆಗ ನಮ್ಮ ಅಟೆಂಡರ್ ವಾಸಣ್ಣ ಹೇಳಿದ:

"ಎನ್‌.ಆರ್‌.ಪುರದಿಂದ ಮುತ್ತಿನಕೊಪ್ಪಕ್ಕೆ ಹೋಗೋ ರಸ್ತೇಲಿ ಒಬ್ರು ಇದಾರೆ ಮೇಡಂ. ಗಾಜು ಊದೋ ಸೋಮಯ್ಯ ಅಂತ. ಗಾಜನ್ನ ಹಿಟ್ಟು ನಾದಿದ ಹಾಗೆ ನಾದ್ತಾರೆ ಮಾರಾಯ್ರೆ. ಒಂದ್ಸಲ ಕೇಳಿ ನೋಡಣ."

ಒಡೆದ ಕಂಡೆನ್ಸರನ್ನು ಪೇಪರಿನಲ್ಲಿ ಸುತ್ತಿಕೊಂಡು ಇಬ್ಬರೂ ಹೋದೆವು. ಅವನಿದ್ದ ಹಿಟ್ಟಿನ ಗಿರಣಿ ನಿಂತು ಎಷ್ಟೋ ಕಾಲವಾಗಿತ್ತು. ಯಂತ್ರ ಇದ್ದ ಕಡೆ ಈಗ ಒಂದು ಉದ್ದದ ಮೇಜು. ಕಿಟಕಿಗಳಿಗೆಲ್ಲ ಗೋಣಿತಾಟು ಹೊಡೆದಿತ್ತು. ಒಳಗಿನ ಅರೆಗತ್ತಲಲ್ಲಿ ಮೊದಲು ಕಂಡದ್ದು ಗೋಡೆಯ ಹಲಗೆಯ ಮೇಲೆ ಸಾಲಾಗಿ ಕೂತಿದ್ದ ಹಕ್ಕಿಗಳು. ಒಂದೊಂದರ ಕತ್ತೂ ಒಂದೊಂದು ಕಡೆಗೆ ಓರೆ. ನನ್ನ ಮೇಜಿನ ಮೇಲಿದ್ದ ಹಕ್ಕಿಯ ಒಡಹುಟ್ಟಿದವು!

"ಇವು ಉತ್ತರದ ಕಡೆಯವಂತೆ?" ಎಂದು ಬಾಯಿತಪ್ಪಿ ಅಂದೆ.

ಮೇಜಿನ ಹಿಂದಿದ್ದ ಮನುಷ್ಯ ನಕ್ಕ. ಐವತ್ತೈದು ದಾಟಿದ ವಯಸ್ಸು, ಒಣಕಲು ಮೈ, ದುಂಡನೆಯ ಕೆನ್ನೆ. "ಶೃಂಗೇರಿ ಅಂಗಡಿಯೋರು ಹೇಳಿರ್ಬೇಕು. ದೂರದ್ದು ಅಂದ್ರೆ ಜನ ತಗಳ್ತಾರಮ್ಮ. ಇಲ್ಲೇ ಕಡಹಿನಬೈಲಿನ ಸೋಮಯ್ಯ ಮಾಡಿದ್ದು ಅಂದ್ರೆ ಯಾರು ತಗಳ್ತಾರೆ?"

ಕಂಡೆನ್ಸರನ್ನು ಅವನು ಬೆಳಕಿಗೆ ಹಿಡಿದು ನೋಡಿ ವಾಪಸ್ ಕೊಟ್ಟ. "ಇದು ಗಟ್ಟಿ ಗಾಜು. ನನ್ನ ಉರಿಗೆ ಬಗ್ಗಲ್ಲ. ಸುಮ್ನೆ ಇಸ್ಕಂಡು ಹಾಳು ಮಾಡಿ ಕೊಟ್ರೆ ನಿಮಗೂ ನಷ್ಟ, ನನಗೂ ಕೆಟ್ಟ ಹೆಸರು." ಹೀಗೆ ಬಂದ ಕೆಲಸವನ್ನು ಬೇಡವೆಂದವನ ಮೇಲೆ ನನಗೆ ಆ ಕ್ಷಣವೇ ನಂಬಿಕೆ ಹುಟ್ಟಿತು. ಆ ನಂಬಿಕೆ ಐದು ತಿಂಗಳು ಬಾಳಿತು, ಅಷ್ಟೆ.

ಸೋಮಯ್ಯ ಕೂಲಿಯವರ ಮನೆಯಲ್ಲಿ ಹುಟ್ಟಿದವನು. ಮೀಸೆ ಮೂಡುವ ವಯಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ಪ್ರಯೋಗಾಲಯಗಳಿಗೆ ಗಾಜಿನ ಸಾಮಾನು ಮಾಡುವ ಒಂದು ವರ್ಕ್‌ಶಾಪಿನಲ್ಲಿ ಸೇರಿ, ಅಲ್ಲೇ ಮೂವತ್ತು ವರ್ಷ ಊದಿದ್ದ. ವರ್ಕ್‌ಶಾಪು ಮುಚ್ಚಿದ ಮೇಲೆ ಒಂದು ಬರ್ನರು, ಒಂದು ಚರ್ಮದ ತಿದಿ, ನಾಲ್ಕು ಕಟ್ಟು ಗಾಜಿನ ನಳಿಗೆ ತೆಗೆದುಕೊಂಡು ಹೆಂಡತಿಯ ಜೊತೆ ಈ ಕಡೆ ಬಂದಿದ್ದ. ಹೆಂಡತಿಯ ಹೆಸರು ಗುಲಾಬಿ. ಅವಳು ಮೇಜಿನ ಪಕ್ಕ ನಿಂತು ಕಾಲಲ್ಲಿ ತಿದಿ ತುಳಿಯುತ್ತಿದ್ದಳು; ಅದರ ಗಾಳಿ ಸೇರಿದರೆ ಮಾತ್ರ ಗ್ಯಾಸಿನ ಉರಿಗೆ ಗಾಜು ಕರಗಿಸುವ ಬಿಸಿ. ಮಕ್ಕಳಿರಲಿಲ್ಲ. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಅವನು ಗಲ್ಲ ಸ್ವಲ್ಪ ಎತ್ತಿದರೆ ಅವಳು ಜೋರಾಗಿ ತುಳಿಯುತ್ತಿದ್ದಳು, ಇಳಿಸಿದರೆ ನಿಧಾನ.

ಆ ದಿನ ನನಗಾಗಿ ಅವನು ಒಂದು ಹೂದಾನಿ ಮಾಡಿ ತೋರಿಸಿದ. ಒಂದೇ ಒಂದು ಹೂವು ಹಿಡಿಯುವಂಥದ್ದು. ನಳಿಗೆಯನ್ನು ಉರಿಗೆ ಹಿಡಿದು ತಿರುಗಿಸುತ್ತ ಹೋದ. ನೀಲಿ ಹಳದಿಯಾಯಿತು, ಗಾಜು ಜೇನಿನ ಹಾಗೆ ಜೋಲತೊಡಗಿತು. ಆಗ ಹೊರಗೆ ತೆಗೆದು, ಮಗುವಿನ ಕಣ್ಣಿಗೆ ಬಿದ್ದ ಧೂಳನ್ನು ಊದುವಷ್ಟೇ ಮೆಲ್ಲಗೆ ಊದಿದ. ತುದಿ ಉಬ್ಬಿತು. ನಾಲ್ಕೈದು ಸಲ ಉರಿಗೆ ಹೋಗಿ ಬಂದು ಹೊಟ್ಟೆ, ಕುತ್ತಿಗೆ, ಬಾಯಿ ಎಲ್ಲ ಮೂಡಿದವು. ಕಡೆಗೆ ನೀಲಿ ಗಾಜಿನ ಕಡ್ಡಿಯೊಂದನ್ನು ಕರಗಿಸಿ, ಕುತ್ತಿಗೆಯ ಸುತ್ತ ದಾರದಂಥ ಎಳೆಯೊಂದನ್ನು ಸುತ್ತಿದ. ಮುಗಿದದ್ದನ್ನು ಮಡಕೆಯ ಬಿಸಿ ಬೂದಿಯಲ್ಲಿ ಹೂತಿಟ್ಟು, "ನಾಳೆವರೆಗೂ ಅಲ್ಲೇ ಮಲಗ್ಲಿ. ಬೇಗ ತಣಿಸಿದ್ರೆ ಸೀಳು ಬಿಡತ್ತೆ" ಎಂದ.

ಊದಿದ ಗಾಜನ್ನು ಗುರುತಿಸುವುದನ್ನೂ ಅವನೇ ಕಲಿಸಿದ. "ಅಚ್ಚಲ್ಲಿ ಮಾಡಿದ್ದಾದ್ರೆ ಮೈ ಮೇಲೆ ಒಂದು ಗೆರೆ ಸಿಗತ್ತಮ್ಮ, ಎರಡು ಅಚ್ಚು ಕೂಡೋ ಜಾಗ. ಕಣ್ಣಿಗೆ ಕಾಣದಿದ್ರೂ ಉಗುರಿಗೆ ಗೊತ್ತಾಗತ್ತೆ. ಊದಿದ್ದಕ್ಕೆ ಗೆರೆ ಇರಲ್ಲ. ಬುಡದಲ್ಲಿ ಕಡ್ಡಿ ಬಿಡಿಸಿದ ಒಂದು ಚುಕ್ಕೆ ಇರತ್ತೆ, ಹೊಕ್ಕಳಿದ್ದ ಹಾಗೆ. ಮತ್ತೆ, ಒಂದರ ಹಾಗೆ ಇನ್ನೊಂದು ಇದ್ರೆ ತಗಳ್ಬೇಡಿ."

ಆ ಚಳಿಗಾಲ ನಾನು ಹುಚ್ಚು ಹಿಡಿದವಳಂತೆ ಕೊಂಡೆ. ವಾರ ಬಿಟ್ಟು ವಾರ ಹೋಗುತ್ತಿದ್ದೆ. ಹಕ್ಕಿ, ಹೂದಾನಿ, ಹೊಟ್ಟೆಯೊಳಗೆ ಇನ್ನೊಂದು ಪುಟ್ಟ ಹಕ್ಕಿ ಇರುವ ಹಕ್ಕಿ. ಸಹೋದ್ಯೋಗಿಗಳ ಮದುವೆ, ಗೃಹಪ್ರವೇಶಗಳಿಗೆಲ್ಲ ಅವನ್ನೇ ಕೊಟ್ಟೆ. ಯಾರಾದರೂ ಮೆಚ್ಚಿದರೆ, "ನಾನು ಕಂಡುಹಿಡಿದ ಕಲಾವಿದ" ಎನ್ನುತ್ತಿದ್ದೆ. ಅವನು ಅಲ್ಲಿ ಏಳೆಂಟು ವರ್ಷದಿಂದ ಇದ್ದ, ವಾಸಣ್ಣನಿಗೆ ಗೊತ್ತಿತ್ತು, ಶೃಂಗೇರಿಯ ಅಂಗಡಿಯವನಿಗೆ ಗೊತ್ತಿತ್ತು. ಆದರೂ ನನ್ನ ಬಾಯಲ್ಲಿ ಅವನು ನನ್ನ ಶೋಧವೇ. ಊರಿಗೆ ಹೊಸಬಳಾದ, ಹೇಳಿಕೊಳ್ಳಲು ಬೇರೇನೂ ಇಲ್ಲದ ಹುಡುಗಿಗೆ ಅದೊಂದು ದೊಡ್ಡಸ್ತಿಕೆಯಾಗಿತ್ತು.

ಮೈಸೂರಿನಲ್ಲಿ ನನ್ನ ಗೆಳತಿ ವಸುಧಾ ಕರಕುಶಲ ವಸ್ತುಗಳ ಅಂಗಡಿ ಇಟ್ಟಿದ್ದಳು. ಅವಳಿಗೆ ಎರಡು ಹಕ್ಕಿ, ಒಂದು ಹೂದಾನಿ ಕಳಿಸಿದೆ. ಕೂಡಲೇ ಫೋನ್ ಮಾಡಿದಳು: "ಐವತ್ತು ಹೂದಾನಿ ಕಳಿಸು. ಜೊತೆಗೆ, ಇವನ್ನ ಇಂಥವರು ತಮ್ಮ ಕೈಯಾರೆ ಊದಿ ಮಾಡಿದ್ದು ಅಂತ ನಿನ್ನ ಸಹಿ ಇರೋ ಒಂದು ಪತ್ರ ಬೇಕು. ನನ್ನ ಗಿರಾಕಿಗಳು ಅದನ್ನ ಕೇಳ್ತಾರೆ."

ಸುದ್ದಿ ಹೇಳಿದಾಗ ಸೋಮಯ್ಯ ಕೈಯಲ್ಲಿದ್ದ ನಳಿಗೆಯನ್ನು ಮೇಜಿನ ಮೇಲಿಟ್ಟ. ಆಮೇಲೆ, "ನನ್ನ ಹೆಸರು ಹಾಕ್ತಾರಾ?" ಎಂದು ಕೇಳಿದ. ಹೌದು ಎಂದೆ. ಬೆಂಗಳೂರಿನಲ್ಲಿ ಮೂವತ್ತು ವರ್ಷ ಮಾಡಿದ ಸಾಮಾನಿನ ಮೇಲೆಲ್ಲ ಕಂಪನಿಯ ಹೆಸರಿರುತ್ತಿತ್ತಂತೆ. ಅವನು ಗುಲಾಬಿಯ ಕಡೆ ತಿರುಗಿ ನೋಡಿದ, ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳು ನಕ್ಕದ್ದನ್ನು ನೋಡಿದ್ದು ಅದೊಂದೇ ಸಲ.

ಸಂಕ್ರಾಂತಿ ಕಳೆದ ಮೇಲೆ ಏನೋ ಬದಲಾಯಿತು. ನಾನು ಯಾವಾಗ ಹೋದರೂ ಬರ್ನರು ಆರಿರುತ್ತಿತ್ತು. ಮಾಲು ಮಾತ್ರ ಸಿದ್ಧವಾಗಿ ಹುಲ್ಲಿನಲ್ಲಿ ಕೂತಿರುತ್ತಿತ್ತು. "ಇವತ್ತು ಗ್ಯಾಸ್ ಮುಗ್ದಿದೆ ಮೇಡಂ" ಎನ್ನುತ್ತಿದ್ದಳು ಗುಲಾಬಿ. ಇನ್ನೊಂದು ಸಲ, "ಗಾಳಿ ಜೋರು, ಉರಿ ನಿಲ್ಲಲ್ಲ." ಸೋಮಯ್ಯ ಕೈಗಳನ್ನು ಶಾಲಿನೊಳಗೆ ಇಟ್ಟುಕೊಂಡು ಬಾಗಿಲಲ್ಲಿ ಕೂತಿರುತ್ತಿದ್ದ. ಮಾತು ಕಡಿಮೆಯಾಗಿತ್ತು. ನನಗೇನೂ ಅನುಮಾನ ಬರಲಿಲ್ಲ. ಮಾರ್ಚಿನ ಪರೀಕ್ಷೆಯ ಗಡಿಬಿಡಿಯೂ ಇತ್ತು. ಇಪ್ಪತ್ತೈದು ಹೂದಾನಿಗಳ ಮೊದಲ ಪೆಟ್ಟಿಗೆಯನ್ನು ಮೈಸೂರಿಗೆ ಕಳಿಸಿದೆ. ಪತ್ರ ಆಮೇಲೆ ಬರೆದರಾಯಿತು ಎಂದುಕೊಂಡೆ.

ಏಪ್ರಿಲ್ ಮೊದಲ ವಾರ ವಸುಧಾಳ ಫೋನು ಬಂತು. ಮಾತಿನಲ್ಲಿ ಬಿಗಿ ಇತ್ತು.

"ಶೈಲಾ, ಇವು ಒಂದೇ ಕೈಯವಲ್ಲ ಕಣೆ. ಸಾಲಾಗಿ ಇಟ್ಟು ನೋಡಿದೆ. ಕುತ್ತಿಗೆಯ ನೀಲಿ ಎಳೆ ಕೆಲವಕ್ಕೆ ಬಲಕ್ಕೆ ಸುತ್ತಿದೆ, ಉಳಿದವಕ್ಕೆಲ್ಲ ಎಡಕ್ಕೆ. ಗಾಜಿನ ದಪ್ಪವೂ ಬೇರೆ. ಒಬ್ಬ ಮನುಷ್ಯ ಅಭ್ಯಾಸ ಹೀಗೆ ಬದಲಾಯಿಸಲ್ಲ. ಎಲ್ಲಿಂದಲೋ ತರಿಸಿ ಸೇರಿಸಿದಾನೆ ಅನ್ಸತ್ತೆ. ಸಹಿ ಹಾಕೋ ಮುಂಚೆ ವಿಚಾರಿಸು."

ನನ್ನ ಮೇಜಿನ ಮೇಲಿದ್ದ ಎರಡು ಹೂದಾನಿಗಳನ್ನು ಪಕ್ಕಪಕ್ಕ ಇಟ್ಟೆ. ಕಾರ್ತಿಕ ಮಾಸದಲ್ಲಿ ನನ್ನೆದುರಿಗೇ ಮಾಡಿದ್ದರ ಎಳೆ ಬಲಕ್ಕೆ. ಫೆಬ್ರವರಿಯಲ್ಲಿ ತಂದದ್ದು ಎಡಕ್ಕೆ. ಆರಿದ ಬರ್ನರು, ಗ್ಯಾಸಿಲ್ಲ ಎಂಬ ನೆಪಗಳು, ಶೃಂಗೇರಿಯವನ "ಹೊರಗಿನ ಮಾಲು," ಎಲ್ಲವೂ ಒಂದಕ್ಕೊಂದು ಜೋಡಿಸಿಕೊಂಡವು. ಮೋಸ ಹೋದೆ ಎನ್ನುವ ಸಿಟ್ಟಿಗಿಂತ, ಎಲ್ಲರೆದುರು ನನ್ನ ಶೋಧ ಸುಳ್ಳಾಯಿತಲ್ಲ ಎನ್ನುವ ಉರಿ ದೊಡ್ಡದಾಗಿತ್ತು. ಈಗ ಯೋಚಿಸಿದರೆ, ಅವನೇ ಕಲಿಸಿದಂತೆ ಬುಡ ತಿರುಗಿಸಿ ನೋಡಬಹುದಿತ್ತು. ಎರಡರ ಬುಡದಲ್ಲೂ ಅದೇ ಹೊಕ್ಕಳಿನ ಚುಕ್ಕೆ ಇತ್ತು. ನೋಡಲಿಲ್ಲ.

ಮರುದಿನ ಮಧ್ಯಾಹ್ನವೇ ಹೋದೆ. ಎರಡೂ ಹೂದಾನಿಗಳನ್ನು ಮೇಜಿನ ಮೇಲಿಟ್ಟೆ.

"ಸೋಮಯ್ಯ, ಇದನ್ನ ಯಾರು ಮಾಡಿದ್ದು?"

"ನಾನೇ ಅಮ್ಮ. ನಿಮ್ಮೆದುರಿಗೇ ಮಾಡಿದ್ನಲ್ಲ."

"ಇದನ್ನ?"

ಅವನು ಹೂದಾನಿಯನ್ನು ಮುಟ್ಟದೆ ನೋಡಿದ. "ಅದೂ ನಾನೇ."

"ಹಾಗಾದ್ರೆ ಎಳೆ ಯಾಕೆ ಉಲ್ಟಾ ಸುತ್ತಿದೆ?"

ಅವನು ಶಾಲನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡ. ನಾನು ಧ್ವನಿ ತಗ್ಗಿಸಿ, ದೊಡ್ಡ ಉಪಕಾರ ಮಾಡುವವಳಂತೆ ಹೇಳಿದೆ: "ನಾನು ಸಹಿ ಹಾಕಿ ಕೊಡಬೇಕು. ನನ್ನ ಕಣ್ಣೆದುರಿಗೆ ಒಂದು ಮಾಡಿ ತೋರಿಸಿಬಿಡಿ. ಅಷ್ಟು ಸಾಕು."

"ಇವತ್ತು ಬ್ಯಾಡ ಮೇಡಂ," ಎಂದಳು ಗುಲಾಬಿ ಹಿಂದಿನಿಂದ. "ಗಾಳಿ ಜೋರಿದೆ."

ಹೊರಗೆ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

"ಯಾವಾಗ ಬಂದ್ರೂ ಗಾಳಿ, ಇಲ್ಲದಿದ್ರೆ ಗ್ಯಾಸಿಲ್ಲ," ಎಂದೆ. "ಶೃಂಗೇರಿಯವನು ಹೊರಗಿನ ಮಾಲು ಅಂದಿದ್ದೇ ನಿಜ ಅಂತ ಕಾಣತ್ತೆ."

ಸೋಮಯ್ಯ ಎದ್ದು ನಿಂತ. ಶಾಲು ತೆಗೆದು ಗೂಟಕ್ಕೆ ಹಾಕಿದ. "ಗುಲಾಬಿ, ಗ್ಯಾಸ್ ಹಚ್ಚು" ಎಂದ.

"ಬ್ಯಾಡ ಅಂದ್ನಲ್ಲ."

"ಹಚ್ಚು."

ಅವನು ನಳಿಗೆ ಎತ್ತಿಕೊಂಡಾಗಲೇ ನನಗೆ ಕಂಡಿತು. ಕೈ ನಡುಗುತ್ತಿತ್ತು. ಅದು ಹೆದರಿಕೆಯ ನಡುಕವಲ್ಲ. ಮಣಿಕಟ್ಟಿನೊಳಗೆ ಬೇರೆ ಯಾರೋ ಕೂತು ಅಲುಗಿಸುತ್ತಿದ್ದಂತೆ, ಬಿಡದೆ ನಡುಗುತ್ತಿತ್ತು. ಕರಗುವ ಗಾಜನ್ನು ಒಂದೇ ಸಮನೆ ತಿರುಗಿಸದಿದ್ದರೆ ಅದು ಒಂದು ಕಡೆಗೆ ಜೋತುಬೀಳುತ್ತದೆ. ಮೊದಲನೆಯದು ಹಾಗೆ ಮುದ್ದೆಯಾಯಿತು. ಪಕ್ಕಕ್ಕಿಟ್ಟು ಎರಡನೆಯದನ್ನು ತೆಗೆದುಕೊಂಡ. ಅದು ಉಬ್ಬಿತು, ಆದರೆ ಒಂದು ಮಗ್ಗುಲು ತೆಳುವಾಗಿ ಪಟ್ಟೆಂದು ಒಡೆಯಿತು. ಮೂರನೆಯದು. ಅಷ್ಟರಲ್ಲಿ ನನಗೆ ಎಲ್ಲ ಅರ್ಥವಾಗಿತ್ತು. ಸಾಕು ಎನ್ನಬೇಕಿತ್ತು. ಕೈಕಟ್ಟಿಕೊಂಡು ನಿಂತೇ ಇದ್ದೆ, ಪ್ರಾಕ್ಟಿಕಲ್ ಪರೀಕ್ಷೆಯ ದಿನ ಮಕ್ಕಳ ಬೆನ್ನ ಹಿಂದೆ ನಿಲ್ಲುವ ಹಾಗೆ. ನಾಲ್ಕನೆಯದು ಉರಿಯಿಂದ ಹೊರಬರುವಾಗ ತುದಿ ಹರಿದು ಅವನ ತೊಡೆಯ ಮೇಲೆ ಬಿತ್ತು. ಲುಂಗಿ ಸುಟ್ಟ ವಾಸನೆ ಬಂತು. ಅವನು ಗಾಜಿನ ತುಂಡನ್ನು ಕೊಡವಿ ಐದನೆಯ ನಳಿಗೆಗೆ ಕೈಚಾಚಿದ.

ಗುಲಾಬಿ ತಿದಿ ಬಿಟ್ಟು ಬಂದು ಆ ನಳಿಗೆಯನ್ನು ಅವನ ಕೈಯಿಂದ ತೆಗೆದುಕೊಂಡಳು. "ಏಳಿ ನೀವು" ಎಂದಳು, ಮೆಲ್ಲಗೆ.

ಅವನು ಎದ್ದು ಹೊರಗೆ ಹೋದ. ಅವಳು ಅವನ ಜಾಗದಲ್ಲಿ ಕೂತು, ಕಾಲಿನಿಂದ ತಿದಿಯನ್ನು ಮೇಜಿನಡಿಗೆ ಎಳೆದುಕೊಂಡು ತಾನೇ ತುಳಿಯುತ್ತ, ನಳಿಗೆಯನ್ನು ಎಡಗೈಯಲ್ಲಿ ಹಿಡಿದಳು. ಎಡಚಿ. ಹದಿನೈದು ನಿಮಿಷದಲ್ಲಿ ಹೂದಾನಿ ಮೂಡಿತು. ನೀಲಿ ಎಳೆ ಎಡಕ್ಕೆ ಸುತ್ತಿಕೊಂಡಿತು.

"ಸಂಕ್ರಾಂತಿ ಹೊತ್ತಿಗೆ ಶುರುವಾತು ಮೇಡಂ ಅವ್ರ ಕೈ," ಎಂದಳು ಗಾಜಿನಿಂದ ಕಣ್ಣು ತೆಗೆಯದೆ. "ಡಾಕ್ಟ್ರು ನರದ್ದು ಅಂದ್ರು. ಯಾರಿಗೂ ಹೇಳಬ್ಯಾಡ ಅಂತ ಇವ್ರು ಅಂದಿದ್ರು. ಇಷ್ಟು ವರ್ಷ ನೋಡಿ ನೋಡಿ ಗೊತ್ತಿತ್ತಲ್ಲ, ಪಕ್ಕದಲ್ಲಿ ಕೂತು ಹೇಳಿಕೊಡ್ತಾರೆ, ನಾನು ಮಾಡ್ತೀನಿ."

ಇಲ್ಲಿಗಾದರೂ ನಾನು ಹೊರಗೆ ಹೋಗಿ ಆ ಮನುಷ್ಯನ ಮುಂದೆ ಕೈಮುಗಿಯಬೇಕಿತ್ತು. ಬದಲಿಗೆ ನನಗೆ ಸಂತೋಷವಾಯಿತು. ಮೋಸವಿಲ್ಲ! ನನ್ನ ಶೋಧ ಸುಳ್ಳಾಗಿಲ್ಲ! ಅದಕ್ಕಿಂತ ದೊಡ್ಡದೊಂದು ಸಿಕ್ಕಿದೆ!

"ಇದನ್ನ ಮೊದಲೇ ಹೇಳಬಾರದಿತ್ತಾ ಗುಲಾಬಕ್ಕ? ಗಾಜು ಊದೋ ಹೆಂಗಸು! ನಿಮ್ಮ ಹೆಸರಲ್ಲೇ ಕಳಿಸೋಣ."

ಅವಳು ಗಾಬರಿಯಾದಳು. "ಬ್ಯಾಡ ಮೇಡಂ. ಅವ್ರ ಹೆಸರೇ ಇರ್ಲಿ. ಎಲ್ಲಾ ಅವ್ರದ್ದೇ. ಕೈ ಅಷ್ಟೇ ನಂದು."

"ಸುಳ್ಳಿಗೆ ನಾನು ಸಹಿ ಹಾಕೋಕಾಗಲ್ಲ. ನಿಮ್ಮ ಕೆಲಸಕ್ಕೆ ನಿಮ್ಮ ಹೆಸರು. ಅದರಲ್ಲಿ ತಪ್ಪೇನಿದೆ?"

ಅವಳು ಮುಂದೆ ಮಾತಾಡಲಿಲ್ಲ. ಮೌನವನ್ನು ಒಪ್ಪಿಗೆ ಎಂದುಕೊಂಡೆ. ಬ್ಯಾಗಿನಲ್ಲಿದ್ದ ಕ್ಯಾಮೆರಾ ತೆಗೆದು, ಮೇಜಿನ ಹಿಂದೆ ಕೂತಿದ್ದ ಅವಳ ಫೋಟೋ ಹಿಡಿದೆ. ಹೊರಗೆ ಬಂದಾಗ ಸೋಮಯ್ಯ ರಸ್ತೆಯಾಚೆಯ ಮೋರಿಕಟ್ಟೆಯ ಮೇಲೆ, ನನಗೆ ಬೆನ್ನು ಹಾಕಿ ಕೂತಿದ್ದ. "ಬರ್ತೀನಿ ಸೋಮಯ್ಯ" ಎಂದೆ. ಅವನು ತಿರುಗದೆ ತಲೆಯಾಡಿಸಿದ.

ವಸುಧಾಳಿಗೆ ಪತ್ರ ಬರೆದೆ, ಫೋಟೋ ಕಳಿಸಿದೆ. ಅವಳು ಹಿಗ್ಗಿದಳು. ಮೇ ಕೊನೆಯಲ್ಲಿ ಪ್ರತಿ ಹೂದಾನಿಯ ಜೊತೆ ಇಡುವ ಕಾರ್ಡು ಅಚ್ಚಾಗಿ ಬಂತು. ಹೊಳೆಯುವ ಕಾಗದ, ಗುಲಾಬಿಯ ಫೋಟೋ, ಕೆಳಗೆ, ಮಲೆನಾಡಿನ ಹಳ್ಳಿಯಲ್ಲಿ ಯಾರ ನೆರವೂ ಇಲ್ಲದೆ ಈ ಅಪರೂಪದ ಕಲೆಯನ್ನು ತಾನೇ ಕಲಿತು ಬೆಳೆಸಿದ ಒಂಟಿ ಸಾಧಕಿ ಎಂದು ನಾಲ್ಕು ಸಾಲು. "ಯಾರ ನೆರವೂ ಇಲ್ಲದೆ" ಎಂದು ನಾನು ಬರೆದಿರಲಿಲ್ಲ. ಆದರೆ ನನ್ನ ಪತ್ರದಲ್ಲಿ ಸೋಮಯ್ಯನ ಹೆಸರು ಒಂದು ಕಡೆಯೂ ಇರಲಿಲ್ಲ. ವಸುಧಾ ಆದರೂ ಬೇರೆ ಏನು ತಿಳಿದಾಳು? ಓದಿದಾಗ ಸ್ವಲ್ಪ ಇರುಸುಮುರುಸಾಯಿತು. ಆದರೂ ಹತ್ತು ಕಾರ್ಡುಗಳನ್ನು ವಾಸಣ್ಣನ ಕೈಯಲ್ಲಿ ಗಿರಣಿಗೆ ಕಳಿಸಿಕೊಟ್ಟೆ. ಖುಷಿಪಡುತ್ತಾರೆ ಎಂದುಕೊಂಡಿದ್ದೆ.

ಜೂನಿನಲ್ಲಿ ಕಾಲೇಜು ತೆರೆದ ಮೊದಲ ಭಾನುವಾರ ಹೋದೆ. ಕಿಟಕಿಯ ಗೋಣಿತಾಟು ಬಿಚ್ಚಿತ್ತು. ಮೊದಲ ಸಲ ಆ ಕೋಣೆಯನ್ನು ಹಗಲು ಬೆಳಕಿನಲ್ಲಿ ನೋಡಿದೆ. ಮೇಜಿನ ಮೇಲೆ ಬರ್ನರು ಇರಲಿಲ್ಲ. ಹಲಗೆ ಖಾಲಿ. ಸೋಮಯ್ಯ ಒಳಗಿನ ಕೋಣೆಯಲ್ಲಿದ್ದ, ಕೆಮ್ಮು ಕೇಳಿಸಿತು, ಹೊರಗೆ ಬರಲಿಲ್ಲ.

"ಏನಾಯ್ತು ಗುಲಾಬಕ್ಕ?"

"ಎಂತ ಇಲ್ಲ ಮೇಡಂ. ನಿಲ್ಸಿದ್ವಿ."

"ಯಾಕೆ?"

ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ನಂಗೆ ಓದಕ್ಕೆ ಬರಲ್ಲ. ಅವ್ರೇ ಓದಿ ಹೇಳಿದ್ರು ಆ ಕಾಗದನ. ಕೊನೇ ತನಕ ಓದಿದ್ರು. ಚೆನ್ನಾಗಿ ಬರ್ದಿದಾರೆ ಅಂದ್ರು. ಮಾರನೇ ದಿನ ಸಿಲಿಂಡರ್ ವಾಪಸ್ ಕೊಟ್ಟು ಬಂದ್ರು."

ನಾನು ಏನೋ ಹೇಳಲು ಹೋದೆ. ಅವಳು ತಡೆದಳು.

"ಮದುವೆಯಾಗಿ ಬಂದ ವರ್ಷದಿಂದ ನಾನು ತಿದಿ ತುಳಿದಿದೀನಿ ಮೇಡಂ. ಅವ್ರ ಉಸಿರಿಗೆ ಸರಿಯಾಗಿ ತುಳಿಬೇಕು. ಅವ್ರ ಕೈ ಹೋದಾಗ ನನ್ನ ಕೈ ಕೊಟ್ಟೆ. ನಮಗೆ ಅದು ಬೇರೆ ಬೇರೆ ಅನ್ನಿಸಿರ್ಲಿಲ್ಲ. ನೀವು ಬೇರೆ ಮಾಡಿದ್ರಿ."

ಕೊಪ್ಪಕ್ಕೆ ಹಿಂದಿರುಗುವ ಬಸ್ಸಿನಲ್ಲಿ ಕೂತಾಗ ಹೊಳೆಯಿತು: ಇಬ್ಬರ ಹೆಸರನ್ನೂ ಬರೆಯಬಹುದಿತ್ತು. ಸೋಮಯ್ಯ ಮತ್ತು ಗುಲಾಬಿ. ಸುಳ್ಳೂ ಆಗುತ್ತಿರಲಿಲ್ಲ, ಸಹಿ ಹಾಕಲು ಅಡ್ಡಿಯೂ ಇರಲಿಲ್ಲ. ಒಂದು ಹೆಸರು ನಿಜವಾದರೆ ಇನ್ನೊಂದು ಸುಳ್ಳಾಗಲೇಬೇಕೆಂದು ನನ್ನ ತಲೆಗೆ ಯಾರು ತುಂಬಿದ್ದರೋ. ಇಷ್ಟು ಸುಲಭದ ಮಾತು ಎರಡು ತಿಂಗಳು ನನಗೆ ತೋಚಲೇ ಇಲ್ಲ.

ವಸುಧಾಳ ಮೇಲೆ ಒತ್ತಾಯ ಹೇರಿ ಹೊಸ ಕಾರ್ಡು ಅಚ್ಚು ಹಾಕಿಸಿದೆ. ಎರಡು ಹೆಸರು, ಸೋಮಯ್ಯನದು ಮೊದಲು. ಆಷಾಢದ ಮಳೆಯಲ್ಲಿ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಮತ್ತೆ ಹೋದೆ. ಗುಲಾಬಿ ಎರಡೂ ಕೈಯಿಂದ ಇಸಿದುಕೊಂಡು ನೋಡಿದಳು. ಓದಲು ಬಾರದಿದ್ದರೂ ಬಹಳ ಹೊತ್ತು ನೋಡಿದಳು.

"ಇದನ್ನ ಈಗ ಯಾವುದಕ್ಕೆ ಅಂಟಿಸ್ತೀರಿ ಮೇಡಂ? ಮಾಲೇ ಇಲ್ವಲ್ಲ" ಎಂದು ನನಗೇ ವಾಪಸ್ ಕೊಟ್ಟಳು.

ಮರುವರ್ಷ ನನಗೆ ತುಮಕೂರಿಗೆ ವರ್ಗವಾಯಿತು. ಹೋಗುವ ಮುಂಚೆ ಗಿರಣಿಯ ಕಡೆ ಹೋಗುವ ಧೈರ್ಯ ಬರಲಿಲ್ಲ.

ನಾಲ್ಕು ವರ್ಷ ಕಳೆದು, ವಾಸಣ್ಣನ ಮಗಳ ಮದುವೆಗೆಂದು ಕೊಪ್ಪಕ್ಕೆ ಬಂದಾಗ ಊಟದ ಪಂಕ್ತಿಯಲ್ಲಿ ಅವನೇ ಹೇಳಿದ: "ಸೋಮಯ್ಯ ಹೋಗ್ಬಿಟ್ರು ಮೇಡಂ, ಹೋದ ಮಳೆಗಾಲದಲ್ಲಿ. ಗುಲಾಬಕ್ಕ ಜಯಪುರದ ಹತ್ರ ಕಾಫಿ ಎಸ್ಟೇಟಲ್ಲಿ ಕೆಲಸಕ್ಕೆ ಹೋಗ್ತಾರೆ."

ಆ ಸಂಜೆಯೇ ಜಯಪುರಕ್ಕೆ ಹೋಗಿ, ಕೇಳಿಕೊಂಡು ಅವಳ ಮನೆ ಹುಡುಕಿದೆ. ಎಸ್ಟೇಟಿನ ಕೂಲಿಯವರ ಸಾಲುಮನೆಗಳಲ್ಲಿ ಕೊನೆಯದು. ಕೆಲಸ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದಳು. ನನ್ನ ಗುರುತು ಹಿಡಿದು, "ಬನ್ನಿ ಮೇಡಂ, ಕೂತ್ಕಳಿ" ಎಂದು ಚಾಪೆ ಹಾಸಿದಳು. ಬೆಲ್ಲದ ಕಾಫಿ ಕೊಟ್ಟಳು. ಮದುವೆಯಾಯಿತೇ, ಮಕ್ಕಳೆಷ್ಟು ಎಂದೆಲ್ಲ ವಿಚಾರಿಸಿದಳು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತು ಅವಳ ಮರ್ಯಾದೆಯ ಮುಂದೆ ಬಾಯಿಗೇ ಬರುತ್ತಿರಲಿಲ್ಲ. ಕಡೆಗೆ ಹೇಗೋ ಹೇಳಿದೆ: "ಅವತ್ತು ನಾನು ತಪ್ಪು ಮಾಡಿದೆ ಗುಲಾಬಕ್ಕ. ಅವರ ಹತ್ತಿರ ಹೇಳಬೇಕಿತ್ತು. ಹೇಳಲಿಲ್ಲ."

ಅವಳು ಲೋಟ ಕೆಳಗಿಟ್ಟಳು. "ನೀವು ಬಂದು ಹೇಳಿದ್ರೆ ಅವ್ರು ಏನೂ ಅಂತಿರ್ಲಿಲ್ಲ ಮೇಡಂ. ಯಾರ ಮೇಲೂ ಸಿಟ್ಟು ಇಟ್ಕಳೋ ಮನುಷ್ಯ ಅಲ್ಲ. ಒಂದೆರಡು ಸಲ ಕೇಳಿದ್ರು, ಆ ಟೀಚರಮ್ಮ ಮತ್ತೆ ಬರಲೇ ಇಲ್ವಲ್ಲ ಅಂತ."

ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿದೆ. "ಆಮೇಲೆ ಮತ್ತೆ ಊದಲೇ ಇಲ್ವಾ?" ಎಂದು ಕೇಳಿದೆ.

"ಒಂದ್ಸಲ," ಎಂದಳು. "ಅವ್ರು ಹೋಗೋ ಮುಂಚಿನ ಬೇಸಿಗೇಲಿ. ಒಂದಿನ ಅವ್ರೇ ಸಿಲಿಂಡರ್ ತರಿಸಿ, ಬಾರೆ, ಒಂದು ಹಕ್ಕಿ ಮಾಡು, ನೋಡ್ಬೇಕು ಅಂದ್ರು. ನಂಗೆ ಮರ್ತೇ ಹೋಗಿರತ್ತೆ ಅಂದೆ. ನಾನು ಹೇಳ್ತೀನಿ, ನೀ ಮಾಡು ಅಂದ್ರು. ಅವ್ರು ಗೋಡೆ ಹಿಡ್ಕಂಡು ನಿಂತು ತಿದಿ ತುಳಿದ್ರು, ನಾನು ಕೂತು ಊದಿದೆ. ಕತ್ತು ಓರೆ ಮಾಡೋವಾಗ ಮಾತ್ರ ನನ್ನ ಕೈ ಮೇಲೆ ಕೈ ಇಟ್ರು. ಆ ನಡುಕ ಹಾಗೇ ಗಾಜಿಗೆ ಇಳಿದಿದೆ. ಕತ್ತಲ್ಲಿ ಸಣ್ಣ ಸಣ್ಣ ಅಲೆ ಎದ್ದಿದೆ, ನೀರಿನ ಥರ."

"ಅದು ಇದೆಯಾ?"

"ಇದೆ."

"ನೋಡಬಹುದಾ?"

ಗುಲಾಬಿ ಒಳಗಿನ ಕೋಣೆಯ ಕಡೆ ಒಮ್ಮೆ ನೋಡಿದಳು. ಎದ್ದೇಳಲಿಲ್ಲ. "ಬ್ಯಾಡ ಮೇಡಂ," ಎಂದಳು. "ಅದು ಮಾರಕ್ಕೆ ಮಾಡಿದ್ದಲ್ಲ."

ನಾನು ಕೊಳ್ಳಲು ಬಂದಿಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ನೋಟ ನನ್ನ ಮಡಿಲಿಗೆ ಇಳಿಯಿತು, ನನ್ನ ಕಣ್ಣೂ ಅಲ್ಲಿಗೇ ಹೋಯಿತು. ನನ್ನ ಕೈ, ನನಗೇ ತಿಳಿಯದ ಹಾಗೆ, ಆಗಲೇ ಪರ್ಸಿನ ಜಿಪ್ ಎಳೆಯುತ್ತಿತ್ತು.